ಬಿಲ್ ನಾಲ್ಕು ಪಟ್ಟು ಬಂದಿದೆ, ಮೊದಲೇ ಸಾಲದಲ್ಲಿದ್ದೇನೆ: ಕಾರ್ಡಿನಲ್ಲಿ ಕಟ್ಟಿಬಿಡಲೇ?

ಹಿತ್ತಲಬಾಗಿಲು
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ತಿಂಗಳಿಗೆ ಹೆಚ್ಚೆಂದರೆ 150 ಯೂನಿಟ್ ವಿದ್ಯುತ್ ಖರ್ಚಾಗುತ್ತಿತ್ತು. ಈ ಸಲದ ಬಿಲ್ಲಿನಲ್ಲಿ 600 ಯೂನಿಟ್ ಎಂದು ಬರೆದಿದೆ. ಹೊಸ ಯಂತ್ರ ಯಾವುದನ್ನೂ ಕೊಂಡಿಲ್ಲ, ನೆಂಟರೂ ಬಂದಿರಲಿಲ್ಲ. ಕಳೆದ ವರ್ಷ ಅಪ್ಪನ ಚಿಕಿತ್ಸೆಗೆಂದು ಮಾಡಿದ ವೈಯಕ್ತಿಕ ಸಾಲದ ಕಂತು ಪ್ರತಿ ತಿಂಗಳೂ ಹೋಗುತ್ತಿದೆ, ಕ್ರೆಡಿಟ್ ಕಾರ್ಡಿನಲ್ಲಿ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಿದ್ದೇನೆ, ಇದರ ಮೇಲೆ ಸಂಬಂಧಿಕರೊಬ್ಬರಿಂದ ಪಡೆದ ಕೈಸಾಲವೂ ಇದೆ. ಅಪ್ಪ ಉಳಿಯಲಿಲ್ಲ, ಸಾಲ ಉಳಿಯಿತು. ಬಿಲ್ ಕಟ್ಟಲು ಇನ್ನು ಒಂಬತ್ತು ದಿನ ಬಾಕಿ ಇದೆ. ಕಾರ್ಡಿನಲ್ಲಿ ಸ್ವಲ್ಪ ಮಿತಿ ಉಳಿದಿರುವುದರಿಂದ ಅದರಲ್ಲೇ ಕಟ್ಟಿ ಮುಗಿಸಿಬಿಡಲೇ, ಇಲ್ಲವೇ ಫೋನಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳಿವೆಯಲ್ಲ, ಅವುಗಳಲ್ಲಿ ಒಂದನ್ನು ನೋಡಲೇ? ಎರಡು ರಾತ್ರಿಯಿಂದ ನಿದ್ದೆ ಇಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಿ.

ಲೆಕ್ಕಿಗ
ಆ್ಯಪ್ ಸಾಲದ ಯೋಚನೆಯನ್ನು ಈಗಲೇ ಬಿಡಿ. ಎರಡು ವಾರಕ್ಕೆ ನೂರಕ್ಕೆ ಹದಿನೈದು ಎಂದರೆ ಕೇಳಲು ಸಣ್ಣದು, ವರ್ಷದ ಲೆಕ್ಕ ಹಾಕಿದರೆ ಅದು ಶೇಕಡ 390 ಆಗುತ್ತದೆ. ಕಾರ್ಡಿನ ಬಡ್ಡಿ ತಿಂಗಳಿಗೆ ಶೇಕಡ 3 ಎಂದಿಟ್ಟುಕೊಂಡರೂ ಚಕ್ರಬಡ್ಡಿಯಲ್ಲಿ ವರ್ಷಕ್ಕೆ ಶೇಕಡ 42ನ್ನು ದಾಟುತ್ತದೆ. ಹಳೆಯ ಬಾಕಿ ಇರುವ ಕಾರ್ಡಿನಲ್ಲಿ ಹೊಸ ಖರ್ಚಿಗೆ ಬಡ್ಡಿಯಿಲ್ಲದ ದಿನಗಳು ಸಾಮಾನ್ಯವಾಗಿ ಸಿಗುವುದಿಲ್ಲ, ಉಜ್ಜಿದ ದಿನದಿಂದಲೇ ಬಡ್ಡಿ ಓಡುತ್ತದೆ.

ನೇರನುಡಿ
ಹಾಗಾದರೆ ಕಟ್ಟದೆ ಕತ್ತಲಲ್ಲಿ ಕೂರಬೇಕೇ? ಬಡ್ಡಿಯ ಪಾಠದಿಂದ ದೀಪ ಉರಿಯುವುದಿಲ್ಲ. ನಾನಾಗಿದ್ದರೆ ಕಾರ್ಡಿನಲ್ಲಿ ಕಟ್ಟಿ ನೆಮ್ಮದಿಯಾಗಿ ಮಲಗುತ್ತಿದ್ದೆ.

ತಂತಿಕೆಲಸ
ನೀವಿಬ್ಬರೂ ದುಡ್ಡು ಎಲ್ಲಿಂದ ತರಬೇಕೆಂದು ಜಗಳವಾಡುತ್ತಿದ್ದೀರಿ. ಆ 600 ಯೂನಿಟ್ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಸಾಲ ತರುವ ಮುನ್ನ ಮೀಟರ್ ನೋಡಬೇಕು. ನಾನು ಇಪ್ಪತ್ತು ವರ್ಷಗಳಿಂದ ಮನೆ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ಇಂಥ ಬಿಲ್ ಕೈಯಲ್ಲಿ ಹಿಡಿದು ಬಂದವರಲ್ಲಿ ಹೆಚ್ಚಿನವರು ಮೀಟರಿನ ಮುಂದೆ ಒಮ್ಮೆಯೂ ನಿಂತಿರುವುದಿಲ್ಲ.

ಹಿತ್ತಲಬಾಗಿಲು ಅವರೇ, ಬಿಲ್ಲಿನಲ್ಲಿ ಹಿಂದಿನ ಓದು, ಈಗಿನ ಓದು, ಓದಿದ ದಿನಾಂಕಗಳು ಇರುತ್ತವೆ. ಈಗಿನ ಓದು ಮೀಟರಿನಲ್ಲಿ ಕಾಣುವ ಅಂಕಿಗೆ ಹೊಂದುತ್ತದೆಯೇ ನೋಡಿ. ಬಿಲ್ಲಿನಲ್ಲಿರುವ ಮೀಟರ್ ಸಂಖ್ಯೆಯೂ ಗೋಡೆಯ ಮೇಲಿನ ಮೀಟರಿನ ಸಂಖ್ಯೆಯೂ ಒಂದೇ ಆಗಿರಬೇಕು. ಒಂದೇ ಫಲಕದಲ್ಲಿ ಹತ್ತು ಮೀಟರುಗಳಿರುವ ಕಟ್ಟಡಗಳಲ್ಲಿ ಪಕ್ಕದ ಮನೆಯ ಬಿಲ್ಲನ್ನು ವರ್ಷಗಟ್ಟಲೆ ಕಟ್ಟಿದವರನ್ನು ಕಂಡಿದ್ದೇನೆ. ಹಿಂದಿನ ತಿಂಗಳುಗಳ ಬಿಲ್ಲುಗಳಲ್ಲಿ "ಸರಾಸರಿ", "ಅಂದಾಜು" ಅಥವಾ "ಬಾಗಿಲು ಮುಚ್ಚಿತ್ತು" ಎಂಬ ಗುರುತು ಇದೆಯೇ ಎಂಬುದನ್ನೂ ನೋಡಿ ಹೇಳಿ.

ನಿವೃತ್ತಗುಮಾಸ್ತ
ಇವರ ಮಾತಿಗೆ ನನ್ನ ಸಹಮತವಿದೆ. ಹಳೆಯ ಚಕ್ರದ ಮೀಟರುಗಳಲ್ಲಿ ಕೊನೆಯ ಕೆಂಪು ಅಂಕಿ ದಶಮಾಂಶದ್ದಾಗಿರುತ್ತದೆ. ಅದನ್ನೂ ಸೇರಿಸಿ ಓದಿಬಿಟ್ಟರೆ ಅಂಕಿ ಹತ್ತು ಪಟ್ಟಾಗುತ್ತದೆ. ನಮ್ಮ ಮನೆಯಲ್ಲೇ ಒಮ್ಮೆ ಹಾಗಾಗಿತ್ತು, ಮೀಟರಿನ ಫೋಟೋ ತೋರಿಸಿದ ಮೇಲೆ ಬಿಲ್ಲನ್ನು ತಿದ್ದಿಕೊಟ್ಟರು.

ಹಿತ್ತಲಬಾಗಿಲು
ನೋಡಿದೆ. ಮೀಟರ್ ಸಂಖ್ಯೆ ಸರಿಯಾಗಿದೆ, ಈಗಿನ ಓದೂ ಹೊಂದುತ್ತದೆ. ಆದರೆ ಕಳೆದ ಮೂರು ಬಿಲ್ಲುಗಳ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ "ಬಾಗಿಲು ಮುಚ್ಚಿತ್ತು, ಸರಾಸರಿ" ಎಂದಿದೆ. ಮೀಟರ್ ಒಳಾಂಗಣದಲ್ಲಿದೆ, ಹಗಲಿನಲ್ಲಿ ಎಲ್ಲರೂ ಕೆಲಸಕ್ಕೆ ಹೋಗಿರುತ್ತೇವೆ. ಮೂರೂ ತಿಂಗಳು 150 ಎಂದು ಹಾಕಿದ್ದಾರೆ, ಒಂದು ದಿನವೂ ನಾನು ಅದನ್ನು ಗಮನಿಸಿರಲಿಲ್ಲ.

ಲೆಕ್ಕಿಗ
ಹಾಗಿದ್ದರೆ ಈ 600 ಒಂದು ತಿಂಗಳಿನದಲ್ಲ. ನಾಲ್ಕು ತಿಂಗಳಲ್ಲಿ ಮೀಟರ್ ಓಡಿದ್ದು ಒಟ್ಟು 1,050 ಯೂನಿಟ್, ಅದರಲ್ಲಿ 450 ಯೂನಿಟ್‌ಗೆ ನೀವು ಈಗಾಗಲೇ ಹಣ ಕಟ್ಟಿದ್ದೀರಿ, ಉಳಿದದ್ದೆಲ್ಲ ಈ ತಿಂಗಳಿಗೆ ಬಂದು ಬಿದ್ದಿದೆ. ಇದು ಬಹಳ ಮುಖ್ಯವಾದ ಸಂಗತಿ. ಬಳಕೆ ಹೆಚ್ಚಿದಂತೆ ದರವೂ ಹಂತಹಂತವಾಗಿ ಏರುವ ಕಡೆ, ಅಷ್ಟನ್ನೂ ಒಂದೇ ತಿಂಗಳಿನದೆಂದು ಎಣಿಸಿದರೆ ಹೆಚ್ಚಿನ ಯೂನಿಟ್‌ಗಳು ಮೇಲಿನ ದುಬಾರಿ ಹಂತಕ್ಕೆ ಸೇರಿಬಿಡುತ್ತವೆ. ಅದನ್ನೇ ನಾಲ್ಕು ತಿಂಗಳಿಗೆ ಹಂಚಿದರೆ ತಿಂಗಳಿಗೆ 262 ಚಿಲ್ಲರೆ ಬರುತ್ತದೆ, ಮೊತ್ತ ಕಡಿಮೆಯಾಗುತ್ತದೆ. ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕದ ವಿವರವಿರುತ್ತದೆ, ಎಷ್ಟು ತಿಂಗಳಿಗೆ ಹಂಚಿದ್ದಾರೆಂದು ನೋಡಿ. ಒಂದೇ ತಿಂಗಳಿಗೆ ಹಾಕಿದ್ದರೆ ಹಂಚಿಕೊಡಿ ಎಂದು ಲಿಖಿತವಾಗಿ ಕೇಳಿ, ಅರ್ಜಿಯ ಸ್ವೀಕೃತಿ ಸಂಖ್ಯೆಯನ್ನು ಪಡೆಯದೆ ಮರಳಬೇಡಿ.

ನೇರನುಡಿ
ಹಂಚಿದರೂ 262 ಎಂದರೆ 150ಕ್ಕಿಂತ ತುಂಬಾ ಹೆಚ್ಚಲ್ಲವೇ? ಉಳಿದದ್ದನ್ನು ಮೀಟರ್ ತಾನೇ ತಿಂದಿರಬೇಕು. ತಿದ್ದುವವರೆಗೆ ಒಂದು ಕಾಸೂ ಕಟ್ಟಬೇಡಿ.

ನಿವೃತ್ತಗುಮಾಸ್ತ
ಈ ಸಲಹೆ ಅಪಾಯಕಾರಿಯಾಗಿದೆ. ತಕರಾರು ಇದೆಯೆಂದು ಪೂರ್ತಿ ಕೈಬಿಟ್ಟರೆ ದಂಡವೂ ಬಡ್ಡಿಯೂ ಸೇರಿ, ಸಂಪರ್ಕ ಕಡಿತದ ಸೂಚನೆಯೂ ಬರಬಹುದು. ಒಮ್ಮೆ ಕಡಿದರೆ ಮರುಜೋಡಣೆಯ ಶುಲ್ಕ ಬೇರೆ. ತಕರಾರಿಲ್ಲದ ಭಾಗವನ್ನು, ಅಂದರೆ ಎಂದಿನ ತಿಂಗಳಿನಷ್ಟು ಮೊತ್ತವನ್ನು ಗಡುವಿನೊಳಗೆ ಕಟ್ಟಿ, ಉಳಿದದ್ದಕ್ಕೆ ಲಿಖಿತ ದೂರು ಕೊಡುವುದೇ ಸರಿಯಾದ ಹಾದಿ. ಕಟ್ಟುವ ಮನಸ್ಸಿದೆ, ಲೆಕ್ಕದ ಬಗ್ಗೆ ಮಾತ್ರ ಪ್ರಶ್ನೆಯಿದೆ ಎಂಬುದಕ್ಕೆ ಆ ರಸೀದಿಯೇ ಸಾಕ್ಷಿಯಾಗುತ್ತದೆ.

ನೇರನುಡಿ
ಭಾಗಶಃ ಕಟ್ಟಲು ಹೋದರೆ ನಮ್ಮಲ್ಲಿ ತೆಗೆದುಕೊಳ್ಳಲೇ ಇಲ್ಲ. ನನ್ನ ಸಿಟ್ಟಿಗೆ ಅದೇ ಕಾರಣ.

ನಿವೃತ್ತಗುಮಾಸ್ತ
ಕೌಂಟರಿನಲ್ಲಿ ಬೇಡವೆನ್ನುವುದುಂಟು. ಅಂಥ ಕಡೆ ಮೇಲಿನ ಅಧಿಕಾರಿಯಿಂದ ಅನುಮತಿಯ ಟಿಪ್ಪಣಿ ಬರೆಸಿಕೊಳ್ಳಬೇಕು. ಅಲ್ಲೂ ಆಗದಿದ್ದರೆ ಗ್ರಾಹಕರ ಕುಂದುಕೊರತೆಗೆಂದು ಇರುವ ವ್ಯವಸ್ಥೆಗೆ ಹೋಗಬೇಕು. ಗಡುವು ಮುಗಿದ ಮೇಲೆ ಹೋದವರನ್ನು ನೋಡುವ ರೀತಿಯೇ ಬೇರೆ, ಮೊದಲೇ ಹೋದವರನ್ನು ನೋಡುವ ರೀತಿಯೇ ಬೇರೆ. ಕೆಲಸದಲ್ಲಿದ್ದ ಕಾಲದಲ್ಲಿ ಮೇಜಿನ ಆಚೆ ಬದಿಯಿಂದ ಇದನ್ನು ಸಾಕಷ್ಟು ಕಂಡಿದ್ದೇನೆ.

ತಂತಿಕೆಲಸ
ತಿಂಗಳಿಗೆ 150ರಂತೆ ನಾಲ್ಕು ತಿಂಗಳಿಗೆ 600 ಆಗಬೇಕಿತ್ತು, 1,050 ಆಗಿದೆ. ಈ ಹೆಚ್ಚುವರಿ 450 ಯೂನಿಟ್ ಎಲ್ಲಿ ಹೋಯಿತೆಂಬುದು ನನ್ನ ಪ್ರಶ್ನೆ. ಮೀಟರ್ ಕೆಡುವುದು ಇದೆ, ಆದರೆ ಅದು ಕೊನೆಗೆ ಯೋಚಿಸಬೇಕಾದ ಮಾತು. ಹಿತ್ತಲಬಾಗಿಲು ಅವರೇ, ಇವತ್ತು ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದು ಪರೀಕ್ಷೆ ಮಾಡಿ. ಮೊದಲು ಮೇನ್ ಸ್ವಿಚ್ ಆರಿಸಿ ಮೀಟರಿನ ಕೆಂಪು ದೀಪವನ್ನು ಹತ್ತು ನಿಮಿಷ ನೋಡಿ. ಆಗಲೂ ಮಿನುಗುತ್ತಿದ್ದರೆ ಮೀಟರಿನಲ್ಲಿ ದೋಷವಿದೆ, ಇಲ್ಲವೇ ಮೇನ್‌ಗಿಂತ ಮೊದಲೇ ಯಾರೋ ತಂತಿ ಎಳೆದಿದ್ದಾರೆ. ಯಾವುದೇ ತಂತಿ, ಸೀಲು ಮುಟ್ಟಬೇಡಿ, ನೋಡಿದರೆ ಸಾಕು. ಮಿನುಗದಿದ್ದರೆ ಮೇನ್ ಹಾಕಿ, ದೀಪ, ಫ್ಯಾನು, ಫ್ರಿಜ್ ಎಲ್ಲವನ್ನೂ ಆರಿಸಿ ಇನ್ನು ಅರ್ಧ ಗಂಟೆ ನೋಡಿ. ಮೀಟರಿನ ಮುಖದ ಮೇಲೆ 3200 ಎಂಬಂಥ ಅಂಕಿ ಇರುತ್ತದೆ, ದೀಪ ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಎಂದರ್ಥ. 3200ರ ಮೀಟರಿನಲ್ಲಿ ನಿಮಿಷಕ್ಕೆ 16 ಸಲ ಮಿನುಗಿದರೆ ಆ ಹೊತ್ತಿನಲ್ಲಿ ಮನೆ 300 ವ್ಯಾಟ್ ಎಳೆಯುತ್ತಿದೆ.

ಮಳೆಹನಿ
ಫ್ರಿಜ್ಜನ್ನು ರಾತ್ರಿಯೆಲ್ಲ ಆರಿಸಿಟ್ಟರೆ ಒಳ್ಳೆಯ ಉಳಿತಾಯವಾಗುತ್ತದೆ. ನಾವು ಹಾಗೆಯೇ ಮಾಡುತ್ತೇವೆ.

ತಂತಿಕೆಲಸ
ದಯವಿಟ್ಟು ಹಾಗೆ ಮಾಡಬೇಡಿ. ಒಳಗಿನ ತಂಪು ಇಳಿದು, ಬೆಳಿಗ್ಗೆ ಮತ್ತೆ ತಂಪು ಮಾಡಲು ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಒಳಗಿಟ್ಟದ್ದೂ ಕೆಡುತ್ತದೆ. ನಾನು ಹೇಳಿದ್ದು ಅರ್ಧ ಗಂಟೆಯ ಪರೀಕ್ಷೆಗೆ ಮಾತ್ರ. ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಮುಚ್ಚಿ, ಎಳೆದಾಗ ಸಲೀಸಾಗಿ ಬಂದರೆ ರಬ್ಬರ್ ಸಡಿಲವಾಗಿದೆ ಎಂದರ್ಥ. ಅದನ್ನು ಬದಲಾಯಿಸಿದರೆ ಆಗುವ ಉಳಿತಾಯ ನಿಜವಾದದ್ದು.

ಎರಡುಮಕ್ಕಳತಾಯಿ
ನೀವೆಲ್ಲ ಯೂನಿಟ್‌ಗಳ ಮಾತಾಡುತ್ತಿದ್ದೀರಿ, ನನ್ನ ಮನಸ್ಸು "ಎರಡು ರಾತ್ರಿಯಿಂದ ನಿದ್ದೆ ಇಲ್ಲ" ಎಂಬ ಸಾಲಿನಲ್ಲೇ ನಿಂತಿದೆ. ಮೂರು ವರ್ಷಗಳ ಹಿಂದೆ ನಾನೂ ಇದೇ ಜಾಗದಲ್ಲಿದ್ದೆ. ಗಂಡನ ಕೆಲಸ ಹೋಗಿತ್ತು, ಮನೆಯಲ್ಲಿ ಅತ್ತೆಗೆ ಆಮ್ಲಜನಕದ ಯಂತ್ರ ಹಗಲೂ ರಾತ್ರಿ ಓಡುತ್ತಿತ್ತು. 350 ವ್ಯಾಟಿನ ಯಂತ್ರ ದಿನವಿಡೀ ಓಡಿದರೆ ಎಂಟು ಯೂನಿಟ್‌ಗೂ ಹೆಚ್ಚಾಗುತ್ತದೆ, ಅದನ್ನು ಆರಿಸಿ ಉಳಿಸಿ ಎಂದು ಯಾರಿಗೆ ಹೇಳಲಾಗುತ್ತದೆ? ಬಿಲ್ಲುಗಳ ಲಕೋಟೆಗಳನ್ನು ಒಡೆಯದೆ ಬೀರುವಿನ ಮೇಲೆ ಇಡುತ್ತಿದ್ದೆ. ಮೂರನೆಯ ಲಕೋಟೆಯನ್ನು ಮಗಳು ಒಡೆದು ಓದಿ, "ಅಮ್ಮಾ, ಕಡಿತ ಎಂದರೇನು?" ಎಂದು ಕೇಳಿದಳು.

ಮಾರನೆಯ ದಿನವೇ ಹೋಗಿ ಎಲ್ಲವನ್ನೂ ಹೇಳಿದೆ. ಮನೆಯಲ್ಲಿ ಇಂಥ ಯಂತ್ರವಿದೆ ಎಂಬ ವೈದ್ಯರ ಪತ್ರವನ್ನು ಕೊಟ್ಟೆ, ಕಡಿತ ಮಾಡುವುದಿಲ್ಲ ಎಂದು ಬರೆದುಕೊಟ್ಟರು, ಬಾಕಿಯನ್ನು ಕಂತು ಮಾಡಿದರು. ಅವರು ಕೇಳಿದ್ದಕ್ಕಿಂತ ಕಡಿಮೆ ಕಂತನ್ನು ನಾನು ಕೇಳಿದೆ, ಏಕೆಂದರೆ ಹೆಚ್ಚಿನ ಕಂತಿಗೆ ಒಪ್ಪಿ ಎರಡನೆಯ ತಿಂಗಳಲ್ಲೇ ತಪ್ಪಿದರೆ ಒಪ್ಪಂದವೇ ಮುರಿದುಹೋಗುತ್ತಿತ್ತು. ಹಿತ್ತಲಬಾಗಿಲು ಅವರೇ, ಮನೆಯವರಿಗೆ ಹೇಳಿದ್ದೀರಾ? ಒಬ್ಬರೇ ಹೊರಬೇಡಿ.

ಲೆಕ್ಕಿಗ
ಇವರು ಕಂತಿನ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ಸಾಲಗಳನ್ನು ಎರಡು ಗುಂಪಾಗಿ ನೋಡಿ. ಕಟ್ಟದಿದ್ದರೆ ಮನೆ, ದೀಪ, ನೀರು ತಪ್ಪಿಹೋಗುವಂಥವು ಒಂದು ಗುಂಪು, ಕಟ್ಟದಿದ್ದರೆ ಬಡ್ಡಿ, ದಂಡ, ಫೋನ್ ಕರೆಗಳ ಕಾಟ ಬರುವಂಥವು ಇನ್ನೊಂದು. ಜೋರಾಗಿ ಕೂಗುವವರು ಎರಡನೆಯ ಗುಂಪಿನಲ್ಲಿರುತ್ತಾರೆ, ಆದುದರಿಂದ ನಮ್ಮ ಕೈ ಮೊದಲು ಅತ್ತಲೇ ಹೋಗುತ್ತದೆ. ಮನೆಯ ಬಾಡಿಗೆ ಮತ್ತು ವಿದ್ಯುತ್ತಿಗೆ ಎತ್ತಿಟ್ಟು ಉಳಿದದ್ದನ್ನು ಕಾರ್ಡಿಗೂ ಕೈಸಾಲಕ್ಕೂ ಹಂಚಿ. ವೈಯಕ್ತಿಕ ಸಾಲದ ಕಂತು ತಪ್ಪುವ ಹಾಗಿದ್ದರೆ ತಪ್ಪುವ ಮೊದಲೇ ಅವರೊಡನೆಯೂ ಮಾತಾಡಿ, ಅವಧಿ ಹೆಚ್ಚಿಸಿ ಕಂತು ಇಳಿಸುವ ದಾರಿ ಹಲವು ಕಡೆ ಇರುತ್ತದೆ, ಒಟ್ಟು ಬಡ್ಡಿ ಹೆಚ್ಚಾಗುತ್ತದೆ ಎಂಬುದನ್ನು ತಿಳಿದೇ ಒಪ್ಪಬೇಕು.

ಎಲ್ಲ ಸಾಲವನ್ನೂ ಸೇರಿಸಿ ಶೇಕಡ 12ಕ್ಕೆ ಒಂದೇ ಸಾಲ ಕೊಡುತ್ತೇವೆ ಎನ್ನುವವರು ಸಿಕ್ಕರೆ, ಇಳಿಯುವ ಬಾಕಿಯ ಮೇಲಿನ ಬಡ್ಡಿಯೋ ಮೂಲ ಮೊತ್ತದ ಮೇಲೆ ಕೊನೆಯವರೆಗೂ ಹಾಕುವ ಬಡ್ಡಿಯೋ ಎಂದು ಮೊದಲು ಕೇಳಿ. ಎರಡನೆಯದಾದರೆ, ಒಂದು ವರ್ಷದ ಮಾಸಿಕ ಕಂತಿನಲ್ಲಿ ಆ 12 ನಿಜವಾಗಿ ಶೇಕಡ 21ಕ್ಕೂ ಹೆಚ್ಚಾಗಿರುತ್ತದೆ.

ನೇರನುಡಿ
ಕೈಸಾಲವನ್ನು ಕೊನೆಗೆ ತಳ್ಳಿದಿರಿ. ಸಂಬಂಧಿಕರ ಸಾಲ ಉಳಿಸಿಕೊಂಡರೆ ಸಂಬಂಧ ಉಳಿಯುತ್ತದೆಯೇ?

ಲೆಕ್ಕಿಗ
ಬಡ್ಡಿಯ ಲೆಕ್ಕದಲ್ಲಿ ಕೊನೆಗೆ ಎಂದೆ. ಮಾತನ್ನು ಮೊದಲೇ ಆಡಬೇಕು ಎಂಬುದನ್ನು ಒಪ್ಪುತ್ತೇನೆ. ಕೊಟ್ಟವರ ಕಣ್ಣು ತಪ್ಪಿಸಿ ಓಡಾಡುವುದು ಬಾಕಿಗಿಂತ ಹೆಚ್ಚು ನೋಯಿಸುತ್ತದೆ.

ಹಿತ್ತಲಬಾಗಿಲು
ರಾತ್ರಿ ಹನ್ನೊಂದೂವರೆಗೆ ಪರೀಕ್ಷೆ ಮಾಡಿದೆ. ಮೇನ್ ಆರಿಸಿದಾಗ ದೀಪ ಮಿನುಗಲಿಲ್ಲ. ಮತ್ತೆ ಹಾಕಿ ಎಲ್ಲವನ್ನೂ ಆರಿಸಿ ಟಾರ್ಚ್ ಹಿಡಿದು ಕುಳಿತೆ. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಒಮ್ಮೆಲೇ ಸೆಕೆಂಡಿಗೆ ಸುಮಾರು ಎರಡು ಸಲದಂತೆ ಮಿನುಗತೊಡಗಿತು, ಮೂರು ನಿಮಿಷದ ನಂತರ ನಿಂತಿತು. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಅದೇ. ನಮ್ಮದೂ 3200ರ ಮೀಟರ್. ಮೈ ಜುಂ ಎಂದಿತು. ಕತ್ತಲ ಮನೆಯಲ್ಲಿ ಏನು ಓಡುತ್ತಿದೆ?

ತಂತಿಕೆಲಸ
ಸೆಕೆಂಡಿಗೆ ಎರಡರ ಹತ್ತಿರ ಎಂದರೆ 2000 ವ್ಯಾಟಿನ ಆಸುಪಾಸು. ಮೂರು ನಿಮಿಷ ಓಡಿ ನಿಲ್ಲುತ್ತದೆ ಎಂದರೆ ಥರ್ಮೋಸ್ಟಾಟ್, ಅಂದರೆ ಬಿಸಿ ನೋಡಿಕೊಂಡು ತಾನೇ ಹಾಕಿ ಆರಿಸುವ ಸ್ವಿಚ್, ಇರುವ ವಸ್ತು. ಗೀಸರ್ ಆರಿಸಿದ್ದಿರಾ?

ಹಿತ್ತಲಬಾಗಿಲು
ಇಲ್ಲ. ಅದು ಸದಾ ಆನ್ ಇರುತ್ತದೆ, ಕಾದ ಮೇಲೆ ತಾನೇ ನಿಲ್ಲುತ್ತದೆ ಎಂದು ಹಾಕಿಟ್ಟಿದ್ದೇವೆ.

ತಂತಿಕೆಲಸ
ಕಾದ ಮೇಲೆ ತಾನೇ ನಿಲ್ಲುತ್ತದೆ, ಆರಿದ ಮೇಲೆ ತಾನೇ ಶುರುವೂ ಆಗುತ್ತದೆ. ತೊಟ್ಟಿಯಲ್ಲಿ ನಿಂತ ನೀರು ಮಾತ್ರ ಆರುವುದಾದರೆ ಗೀಸರ್ ಇಷ್ಟು ಬೇಗ ಬೇಗ ಹೊತ್ತಿಕೊಳ್ಳುವುದಿಲ್ಲ. ಎಲ್ಲೋ ಬಿಸಿನೀರು ಹೊರಗೆ ಹೋಗುತ್ತಿದೆ, ಅದರ ಜಾಗಕ್ಕೆ ತಣ್ಣೀರು ಬರುತ್ತಿದೆ. ಬಿಸಿನೀರಿನ ಪ್ರತಿಯೊಂದು ನಲ್ಲಿಯನ್ನೂ ಕೈಯಿಟ್ಟು ನೋಡಿ. ಗೋಡೆಯಲ್ಲಿ ತೇವ, ನೆಲದಲ್ಲಿ ಬೆಚ್ಚಗಿನ ಜಾಗ ಇದೆಯೇ ನೋಡಿ. ಅಲ್ಲಿಯವರೆಗೆ ಗೀಸರ್ ಸ್ವಿಚ್ ಆರಿಸಿಡಿ.

ಮಳೆಹನಿ
ಹನಿ ಹನಿ ನೀರಿಗೆ ಇಷ್ಟೊಂದು ಯೂನಿಟ್ ಆಗುವುದು ನಂಬಲು ಕಷ್ಟ.

ಹಿತ್ತಲಬಾಗಿಲು
ಸಿಕ್ಕಿತು. ಬರೆಯುವಾಗ ಕೈ ನಡುಗುತ್ತಿದೆ.

ಮನೆಯ ಹಿಂದುಗಡೆ ಒಂದು ಸಣ್ಣ ಬಚ್ಚಲಿದೆ. ಅಪ್ಪ ಅದನ್ನೇ ಬಳಸುತ್ತಿದ್ದರು, ಅವರು ಹೋದ ಮೇಲೆ ನಾವು ಅದರ ಬಾಗಿಲು ತೆರೆದದ್ದೇ ಕಡಿಮೆ. ಅಲ್ಲಿಯ ಬಿಸಿನೀರಿನ ನಲ್ಲಿಗೆ ಅಪ್ಪ ಒಂದು ಹಳೆಯ ಪಂಚೆಯ ಚೂರನ್ನು ಸುತ್ತಿ ಕಟ್ಟಿದ್ದರು. ರಾತ್ರಿ ತೊಟ್ಟಿಕ್ಕುವ ಸದ್ದಿಗೆ ಅವರಿಗೆ ಎಚ್ಚರವಾಗುತ್ತಿತ್ತು. ಆ ಬಟ್ಟೆಯ ತುದಿ ಕೆಳಗಿನ ಮೋರಿಯ ಬಾಯಿಯವರೆಗೆ ಇಳಿಬಿದ್ದಿದೆ. ಒಳಗಿನ ವಾಷರ್ ಪೂರ್ತಿ ಸವೆದು ಈಗ ಸಣ್ಣ ಧಾರೆಯೇ ಆಗಿದೆ, ಆದರೆ ನೀರು ಬಟ್ಟೆಯ ಗುಂಟ ಸದ್ದಿಲ್ಲದೆ ಇಳಿದು ಮೋರಿಗೆ ಸೇರುತ್ತಿದೆ. ಬಟ್ಟೆ ಮುಟ್ಟಿದರೆ ಬೆಚ್ಚಗಿತ್ತು. ಅಪ್ಪನ 100 ಮಿಲಿಲೀಟರಿನ ಔಷಧಿ ಬಾಟಲಿ ಅಲ್ಲೇ ಕಿಟಕಿಯಲ್ಲಿತ್ತು, ಅದನ್ನು ಹಿಡಿದು ನೋಡಿದೆ, ಸುಮಾರು ಒಂದು ನಿಮಿಷಕ್ಕೆ ತುಂಬಿತು.

ಲೆಕ್ಕಿಗ
ಮಳೆಹನಿ ಅವರಿಗೆ ಉತ್ತರ ಇಲ್ಲಿದೆ. ನಿಮಿಷಕ್ಕೆ 100 ಮಿಲಿಲೀಟರ್ ಎಂದರೆ ದಿನಕ್ಕೆ 144 ಲೀಟರ್. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 4,186 ಜೂಲ್ ಬೇಕು, ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. 35 ಡಿಗ್ರಿಯಷ್ಟು ಕಾಯಿಸುವುದೆಂದು ಹಿಡಿದರೆ ದಿನಕ್ಕೆ ಸುಮಾರು 5.9 ಯೂನಿಟ್ ಮೋರಿಗೆ ಹೋಗಿದೆ. ಹೆಚ್ಚುವರಿ 450 ಯೂನಿಟ್‌ಗೆ ಎಪ್ಪತ್ತಾರು ದಿನ ಸಾಕು. ನೀವು ಕೊಟ್ಟ ಅಂಕಿಗಳೆಲ್ಲ ಒಂದಕ್ಕೊಂದು ಕೂಡಿಬರುತ್ತವೆ.

ಮಳೆಹನಿ
ಒಪ್ಪಿದೆ. ಈಗಲೇ ಎದ್ದು ನಮ್ಮ ಮನೆಯ ನಲ್ಲಿಗಳನ್ನು ನೋಡಿ ಬಂದೆ.

ಎರಡುಮಕ್ಕಳತಾಯಿ
ಅಪ್ಪನ ಬಟ್ಟೆಯ ಮಾತು ಓದಿ ಕಣ್ಣು ತುಂಬಿತು. ಅವರ ಮೇಲೆ ತಪ್ಪು ಹೊರಿಸಬೇಡಿ, ನಿಮ್ಮ ಮೇಲೂ ಹೊರಿಸಿಕೊಳ್ಳಬೇಡಿ.

ನೇರನುಡಿ
ಮೀಟರ್ ತಿಂದಿದೆ ಎಂದಿದ್ದೆ, ಅದು ತಪ್ಪಾಯಿತು. ಆದರೆ ಮೂರು ತಿಂಗಳು ಸರಾಸರಿ ಹಾಕಿರದಿದ್ದರೆ ಮೊದಲ ತಿಂಗಳಲ್ಲೇ ಇದು ಗೊತ್ತಾಗುತ್ತಿತ್ತು. ಈ ಮಾತನ್ನು ಅರ್ಜಿಯಲ್ಲಿ ಗಟ್ಟಿಯಾಗಿ ಬರೆಯಿರಿ.

ನಿವೃತ್ತಗುಮಾಸ್ತ
ಇದನ್ನು ನಾನೂ ಅನುಮೋದಿಸುತ್ತೇನೆ. ಅರ್ಜಿಯಲ್ಲಿ ಮೂರು ವಿಷಯ ಬಂದರೆ ಸಾಕು: ಸತತ ಮೂರು ಸರಾಸರಿ ಬಿಲ್ಲುಗಳು, ನಾಲ್ಕು ತಿಂಗಳಿಗೆ ಹಂಚಿ ಲೆಕ್ಕ ಮಾಡಬೇಕೆಂಬ ಕೋರಿಕೆ, ಉಳಿದದ್ದಕ್ಕೆ ಕಂತು. ನಲ್ಲಿ ರಿಪೇರಿಯ ರಸೀದಿಯನ್ನೂ ಲಗತ್ತಿಸಿ. ಸೋರಿಕೆ ನಿಮ್ಮ ಮನೆಯೊಳಗಿನದಾದ್ದರಿಂದ ಆ ಯೂನಿಟ್‌ಗಳನ್ನು ಮನ್ನಾ ಮಾಡಿ ಎಂದು ಹಟ ಹಿಡಿದರೆ ನ್ಯಾಯವಾದ ಕೋರಿಕೆಯೂ ಸಡಿಲವಾಗುತ್ತದೆ. ಇನ್ನೊಂದು ಎಚ್ಚರಿಕೆ: "ಇಂದು ರಾತ್ರಿ ಸಂಪರ್ಕ ಕಡಿತವಾಗುತ್ತದೆ, ಈ ಸಂಖ್ಯೆಗೆ ಕರೆ ಮಾಡಿ" ಎಂಬ ಸಂದೇಶಗಳು ಬಂದರೆ ನಂಬಬೇಡಿ. ಬಾಕಿ ಇರುವವರ ಭಯವನ್ನೇ ಬಂಡವಾಳ ಮಾಡಿಕೊಂಡ ಮೋಸ ಅದು. ಬಿಲ್ಲಿನ ಮೇಲೆ ಅಚ್ಚಾದ ಸಂಖ್ಯೆಗೇ ಕರೆ ಮಾಡಿ.

ಹಿತ್ತಲಬಾಗಿಲು
ಆರು ದಿನಗಳ ನಂತರ ಬರೆಯುತ್ತಿದ್ದೇನೆ. ಹೆಂಡತಿಗೆ ಸಾಲದ ಪೂರ್ತಿ ಲೆಕ್ಕವನ್ನು ಅಂದೇ ರಾತ್ರಿ ಹೇಳಿದೆ, ಕಾರ್ಡಿನ ಬಾಕಿಯ ಮೊತ್ತ ಅವಳಿಗೆ ತಿಳಿದಿರಲಿಲ್ಲ. ಬಹಳ ಹೊತ್ತು ಮಾತಾಡಲಿಲ್ಲ. ಬೆಳಿಗ್ಗೆ ನನ್ನ ಜೊತೆ ಅವಳೇ ಅರ್ಜಿ ಹಿಡಿದು ಹೊರಟಳು. ಮೊದಲ ಕೌಂಟರಿನಲ್ಲಿ ಆಗುವುದಿಲ್ಲ ಎಂದರು. ನಿವೃತ್ತಗುಮಾಸ್ತ ಅವರು ಹೇಳಿದಂತೆ ಮೇಲಿನವರ ಬಳಿಗೆ ಹೋದೆವು, ಅವರು ಹಳೆಯ ಬಿಲ್ಲುಗಳನ್ನು ಸಾಲಾಗಿ ಇಟ್ಟುಕೊಂಡು ನೋಡಿ ಹಂಚಿಕೆಗೆ ಒಪ್ಪಿದರು. ಬಿಲ್ ಸುಮಾರು ಐದರಲ್ಲಿ ಒಂದು ಭಾಗದಷ್ಟು ಇಳಿಯಿತು. ಎಂದಿನ ಮೊತ್ತವನ್ನು ಕಟ್ಟಿದೆ, ಉಳಿದದ್ದಕ್ಕೆ ನಾಲ್ಕು ಕಂತು ಎಂದರು, ಆರು ಕೇಳಿ ಪಡೆದೆವು. ಕಾರ್ಡ್ ಮುಟ್ಟಲಿಲ್ಲ. ಸಂಬಂಧಿಕರಿಗೂ ಫೋನ್ ಮಾಡಿ ಈ ಆರು ತಿಂಗಳು ಅರ್ಧವನ್ನಷ್ಟೇ ಕೊಡಬಲ್ಲೆ ಎಂದೆ, ಒಪ್ಪಿದರು.

ತಂತಿಕೆಲಸ
ನಲ್ಲಿ?

ಹಿತ್ತಲಬಾಗಿಲು
ವಾಷರ್ ಹಾಕಿಸಿದೆ. ಬಟ್ಟೆಯನ್ನು ಒಗೆದು ಒಣಗಿಸಿ ಎತ್ತಿಟ್ಟಿದ್ದೇನೆ. ಈಗ ಸ್ನಾನಕ್ಕೆ ಅರ್ಧ ಗಂಟೆ ಮೊದಲು ಗೀಸರ್ ಹಾಕಿ, ಮುಗಿದ ಕೂಡಲೇ ಆರಿಸುತ್ತೇವೆ. ಮೀಟರಿನ ಪಕ್ಕದ ಗೋಡೆಗೆ ಒಂದು ಕಾಗದ ಅಂಟಿಸಿ ಪ್ರತಿ ಭಾನುವಾರ ಓದನ್ನು ಬರೆಯುವ ಕೆಲಸವನ್ನು ಮಗನಿಗೆ ಒಪ್ಪಿಸಿದ್ದೇನೆ. ನಿನ್ನೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮೀಟರ್ ಓಡಿದ್ದು ಒಂದು ಯೂನಿಟ್‌ಗಿಂತ ಕಡಿಮೆ.